ಅಜ್ಜಿ ಎದ್ದು ನಿಂತದ್ದು

ಅವಳ ಕೆಲಸ ಹಲ್ಲು ಮಾಡುವುದು. ಹಾಗೆಂದ ಕೂಡಲೇ ಜನ ಅವಳನ್ನು ಡಾಕ್ಟರು ಅಂದುಕೊಂಡು ಬಾಯಿ ತೆರೆದು ದವಡೆ ತೋರಿಸಲು ಶುರುಮಾಡುತ್ತಿದ್ದರು. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಆ ಅಚ್ಚಿಗೆ ತಕ್ಕ ಹಾಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವ ಸಣ್ಣ ಲ್ಯಾಬೊಂದರಲ್ಲಿ ಅವಳು ಕೆಲಸಕ್ಕಿದ್ದಳು. ಗುಲಾಬಿ ಬಣ್ಣದ ಮೇಣದಲ್ಲಿ ವಸಡು ತಿದ್ದುವುದು, ಒಂದೊಂದೇ ಹಲ್ಲನ್ನು ಓರೆಯಾಗದಂತೆ ಕೂರಿಸುವುದು, ಕೊನೆಗೆ ಉಜ್ಜಿ ಹೊಳಪು ಕೊಡುವುದು. ಅಲ್ಲಿ ಅವಳ ಕೈಯಲ್ಲಿ ಒಂದು ಸೆಟ್ಟೂ ಅರ್ಧಕ್ಕೆ ನಿಂತದ್ದಿಲ್ಲ. ನಿಲ್ಲಿಸುವುದಾದರೂ ಹೇಗೆ? ಬೊಚ್ಚು ಬಾಯಿಯಲ್ಲಿ ಯಾರೋ ಒಬ್ಬರು ಮೆತ್ತಗಿನದನ್ನೇ ನುಂಗುತ್ತ ಕಾಯುತ್ತಿರುತ್ತಾರಲ್ಲ.

ಮನೆಗೆ ಬಂದರೆ ಕಥೆಯೇ ಬೇರೆ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆ ಅವಳ ಆಸೆಗಳ ಗೋದಾಮಾಗಿತ್ತು. ಒಂದೇ ತೋಳಿನ ಸ್ವೆಟರು. ಮರದ ಚೂರುಗಳಲ್ಲಿ ಕಟ್ಟಿದ ಪುಟ್ಟ ಊರು. ಅದರ ಯಾವ ಮನೆಗೂ ಚಾವಣಿ ಇರಲಿಲ್ಲ. ಮಕ್ಕಳಿಗೆಂದು ಕಟ್ಟಿದ ಹಾಡು. ಕೊನೆಯ ನುಡಿ ಇನ್ನೂ ಹುಟ್ಟಿರಲಿಲ್ಲ. ಗೋಡೆಯ ಮೇಲೆ ಅಪ್ಪನ ಚಿತ್ರ, ಅದರಲ್ಲಿ ಅಪ್ಪನಿಗೆ ಕಿವಿ ಇಲ್ಲ.

"ನನ್ನ ಕಿವಿ ಎಲ್ಲಮ್ಮಾ?" ಎಂದು ಅಪ್ಪ ಕೇಳಿದ್ದರು.

"ಕೊನೇಲಿ ಮಾಡೋಣ ಅಂತ ಬಿಟ್ಟಿದೀನಿ ಅಪ್ಪಾ."

"ಅಲ್ಲೀತನಕ ನೀನು ಹೇಳಿದ್ದು ನನಗೆ ಕೇಳಿಸಲ್ಲ, ನೋಡು."

ಅಪ್ಪ ಸಿಟಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಮನೆಯಲ್ಲಿ ಅವರಿಬ್ಬರೇ. ಎರಡು ಬೀದಿ ಆಚೆ ಇದ್ದ ಅಣ್ಣ ಭಾನುವಾರ ಬಂದು ಊಟ ಮಾಡಿ, ಅಪ್ಪನನ್ನು ಮಾತಾಡಿಸಿ, ತಂಗಿಯ ಕಾಲೆಳೆದು ಹೋಗುತ್ತಿದ್ದ. ಅವಳಿಗೆ 'ಮುಕ್ಕಾಲು' ಎಂದು ಹೆಸರಿಟ್ಟವನು ಅವನೇ.

"ಅರ್ಧಕ್ಕೆ ಬಿಡೋರು ಸೋಮಾರಿಗಳು," ಎನ್ನುತ್ತಿದ್ದ. "ನನ್ನ ತಂಗಿ ಹಾಗಲ್ಲ. ಕಷ್ಟಪಟ್ಟು ಮುಕ್ಕಾಲು ಮಾಡಿ ಆಮೇಲೆ ಬಿಡ್ತಾಳೆ."

ಅವಳೂ ನಗುತ್ತಿದ್ದಳು. ಆದರೆ ಅವನು ಹೇಳಿದ್ದು ನಿಜವಾಗಿತ್ತು. ಶುರುವಿನಲ್ಲಿ ಅವಳಿಗೆ ಊಟ ನಿದ್ದೆ ಬೇಡ. ಕಣ್ಣು ಮುಚ್ಚಿದರೆ ಆ ವಸ್ತು ಹೊಳೆಯುತ್ತ ಎದುರಿಗೆ ನಿಲ್ಲುತ್ತಿತ್ತು. ಕೈಯಲ್ಲಿರುವುದು ಮುಕ್ಕಾಲು ಮುಗಿಯುವ ಹೊತ್ತಿಗೆ ಮಾತ್ರ ಏನೋ ಆಗುತ್ತಿತ್ತು. ಕಂಡದ್ದಕ್ಕೂ ಮಾಡಿದ್ದಕ್ಕೂ ಹೋಲಿಕೆ ತಪ್ಪುತ್ತಿತ್ತು. ಸರಿಯಾಗಿ ಅದೇ ಹೊತ್ತಿಗೆ ಇನ್ನೊಂದು ಆಸೆ ಬಂದು ಬಾಗಿಲು ತಟ್ಟುತ್ತಿತ್ತು.

ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ಉಳಿದ ಮೇಣದ ಉಂಡೆಯೊಂದನ್ನು ಬೆರಳಲ್ಲಿ ಹಿಸುಕುತ್ತ ಕೂತಿದ್ದಳು. ಹಿಸುಕುತ್ತ ಹಿಸುಕುತ್ತ ಅದಕ್ಕೊಂದು ಮೂಗು ಬಂತು, ಗುಳಿಬಿದ್ದ ಕೆನ್ನೆ ಬಂತು. ನೋಡಿದರೆ ಒಬ್ಬ ಅಜ್ಜಿ. ದಿನವಿಡೀ ಹಲ್ಲು ಮಾಡುವವಳ ಕೈಯಲ್ಲಿ ಹುಟ್ಟಿದ ಅಜ್ಜಿಯ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಅವಳು ಅದನ್ನು ಹತ್ತಿಯಲ್ಲಿ ಸುತ್ತಿ ಮನೆಗೆ ತಂದಳು. ತಂತಿ ಬಗ್ಗಿಸಿ ಮೈ ಕಟ್ಟಿದಳು, ಹಳೇ ಬಟ್ಟೆಯಲ್ಲಿ ಅಂಗಿ ಹೊಲಿದು ತೊಡಿಸಿದಳು. ಅಂಗೈಯಷ್ಟು ಎತ್ತರದ ಅಜ್ಜಿಗೆ ಒಂದು ಕುರ್ಚಿ ಮಾಡಿದಳು. ಕುರ್ಚಿಗೊಂದು ಕೋಣೆ ಬೇಕಾಯಿತು, ಕೋಣೆಗೊಂದು ಕಿಟಕಿ.

ಗೊಂಬೆಯನ್ನು ಒಂದು ಕೂದಲೆಳೆಯಷ್ಟು ಅಲುಗಿಸಿ ಫೋಟೊ ತೆಗೆಯುವುದು, ಇನ್ನೊಂದು ಎಳೆಯಷ್ಟು ಅಲುಗಿಸಿ ಇನ್ನೊಂದು ತೆಗೆಯುವುದು. ಎಲ್ಲ ಫೋಟೊಗಳನ್ನೂ ಸರಸರನೆ ಓಡಿಸಿದರೆ ಗೊಂಬೆ ತಾನೇ ಚಲಿಸಿದಂತೆ ಕಾಣುತ್ತದೆ. ಇದು ಅವಳಿಗೆ ಗೊತ್ತಿತ್ತು, ನೋಡಿ ಕಲಿತಿದ್ದಳು. ಹಗಲ ಬೆಳಕು ಹೆಚ್ಚುಕಡಿಮೆಯಾಗದಂತೆ ತನ್ನ ಸಣ್ಣ ಕೋಣೆಯ ಕಿಟಕಿಗೆ ದಪ್ಪ ಕಂಬಳಿ ಹೊದಿಸಿ, ಮೇಜಿನ ದೀಪ ಹಚ್ಚಿ, ಬಳಸದೆ ಬಿಟ್ಟಿದ್ದ ಹಳೇ ಫೋನನ್ನು ಸ್ಟ್ಯಾಂಡಿಗೆ ಬಿಗಿದಳು. ಮೊದಲ ದಿನ ಅಜ್ಜಿಯ ತಲೆಯನ್ನು ಬಾಗಿಲ ಕಡೆಯಿಂದ ಕಿಟಕಿಯ ಕಡೆಗೆ ತಿರುಗಿಸಿದಳು, ಅಷ್ಟೇ. ಅಷ್ಟಕ್ಕೇ ಒಂದು ಬೆಳಗು ಪೂರ್ತಿ ಹೋಯಿತು.

ಆಮೇಲೆ ಎಲ್ಲವನ್ನೂ ಸೇರಿಸಿ ಓಡಿಸಿದಳು.

ಅಜ್ಜಿ ತಿರುಗಿ ನೋಡಿದಳು.

ಅವಳು ಇನ್ನೊಮ್ಮೆ ಓಡಿಸಿದಳು. ತನ್ನ ಬೆರಳಿನಿಂದಲೇ ತಿರುಗಿಸಿದ ತಲೆ ಅದು. ಪ್ರತಿಯೊಂದು ಎಳೆಯೂ ತನಗೆ ಗೊತ್ತು. ಆದರೂ ತಿರುಗಿದವಳು ಅಜ್ಜಿಯೇ. ಕಿಟಕಿಯಾಚೆ ಏನೋ ಸದ್ದಾದದ್ದು ಅವಳಿಗೆ ಕೇಳಿಸಿದಂತಿತ್ತು.

"ಅಪ್ಪಾ, ಬೇಗ ಬನ್ನಿ!"

ಅಪ್ಪ ಕನ್ನಡಕ ಹುಡುಕಿಕೊಂಡು ಬಂದು ಫೋನಿಗೆ ಮುಖ ತಾಗಿಸುವಷ್ಟು ಬಗ್ಗಿ ನೋಡಿದರು. ಆಮೇಲೆ ಮೇಜಿನ ಮೇಲಿದ್ದ ಗೊಂಬೆಯನ್ನು ನೋಡಿದರು. ಮತ್ತೆ ಫೋನು.

"ಇವಳಾ?"

"ಇವಳೇ."

ಅವರು ದನಿ ತಗ್ಗಿಸಿದರು. "ಏನು ಕೇಳಿಸ್ತಂತೆ ಅವಳಿಗೆ?"

ಅದು ಅವಳಿಗೂ ಗೊತ್ತಿರಲಿಲ್ಲ. ಆದರೆ ಕಥೆ ಅಲ್ಲೇ ತೀರ್ಮಾನವಾಯಿತು. ಅಜ್ಜಿ ಕುರ್ಚಿಯಿಂದ ಏಳುತ್ತಾಳೆ, ನಡೆದು ಹೋಗಿ ಕಿಟಕಿ ತೆರೆಯುತ್ತಾಳೆ. ಇಷ್ಟೇ ಸಿನಿಮಾ. ಇಷ್ಟಾದರೂ ಮುಗಿಸದಿದ್ದರೆ ತನ್ನನ್ನು ಮುಕ್ಕಾಲು ಅನ್ನುವುದೂ ಹೆಚ್ಚಾಯಿತು ಎಂದುಕೊಂಡಳು.

ಏಳಿಸುವುದರಲ್ಲೇ ಕೆಲಸ ಸಿಕ್ಕಿಹಾಕಿಕೊಂಡಿತು. ಮೊದಲ ಸಲ ಅಜ್ಜಿ ಲಿಫ್ಟಿನಂತೆ ನೆಟ್ಟಗೆ ಮೇಲಕ್ಕೆ ಹೋದಳು. ಎರಡನೆಯ ಸಲ ಯಾರೋ ಜುಟ್ಟು ಹಿಡಿದು ಎತ್ತಿದ ಹಾಗಿತ್ತು. ಇನ್ನೊಂದು ಸಲ ಸ್ಪ್ರಿಂಗ್ ಬಿಟ್ಟಂತೆ ಚಿಮ್ಮಿದಳು. ಎಷ್ಟು ನಿಧಾನ ಮಾಡಿದರೂ ಅಷ್ಟೇ, ಎಷ್ಟು ಬೇಗ ಮಾಡಿದರೂ ಅಷ್ಟೇ. ತಲೆ ತಿರುಗಿಸಿದಾಗ ಜೀವವಿದ್ದವಳು ಏಳುವಾಗ ಬರೀ ಮೇಣ, ತಂತಿ, ಬಟ್ಟೆಚೂರು. ರಜೆಯ ದಿನಗಳೆಲ್ಲ ಇದರಲ್ಲೇ ಕಳೆದವು.

ಒಂದು ಸಂಜೆ ಅವಳು ಅಂಗಡಿಯ ಮುಂದೆ ಹಾದುಹೋಗುವಾಗ ಕಾಗದದ ದೀಪದ ಗೂಡುಗಳನ್ನು ಕಂಡಳು. ಒಳಗಿನ ಬೆಳಕಿಗೆ ಕಾಗದದ ನೆರಳು ಗೋಡೆಯ ಮೇಲೆ ಎಲೆಗಳಂತೆ ಹರಡಿತ್ತು. ಇದನ್ನು ಮಾಡಬೇಕು, ಇದಕ್ಕಿಂತ ದೊಡ್ಡದು, ಇಡೀ ಕೋಣೆ ಕಾಡಾಗುವಂಥದು. ಎದೆ ಹಗುರಾಯಿತು. ಮನೆಗೆ ಬಂದು ಅಜ್ಜಿಯ ಮೇಲೆ ಕರವಸ್ತ್ರ ಹೊದಿಸಿದಳು.

ಭಾನುವಾರ ಬಂದ ಅಣ್ಣ ಕೋಣೆಯೊಳಗೆ ಇಣುಕಿ ಕರವಸ್ತ್ರ ನೋಡಿದ. "ಏನೇ, ಆಯ್ತಾ ಮುಕ್ಕಾಲು?"

ಈ ಸಲ ಅವಳಿಗೆ ನಗು ಬರಲಿಲ್ಲ. "ಹೂಂ, ಆಯ್ತು" ಎಂದು ಕಾಗದ ಕತ್ತರಿಸುತ್ತಲೇ ಇದ್ದಳು.

ಅದಾದ ಕೆಲವೇ ದಿನಕ್ಕೆ ಅಪ್ಪ ಬಚ್ಚಲಮನೆಯಲ್ಲಿ ಜಾರಿ ಬಿದ್ದರು. ಸೊಂಟದ ಮೂಳೆ ಮುರಿಯಿತು. ಆಪರೇಷನ್ ಆಯಿತು, ಅಣ್ಣ ತಂಗಿ ಸರದಿಯಲ್ಲಿ ಆಸ್ಪತ್ರೆಯಲ್ಲಿ ಕೂತರು, ಕೊನೆಗೆ ಅಪ್ಪ ಮನೆಗೆ ಬಂದರು. ಮೂಳೆ ಕೂಡಿದೆ, ಇನ್ನು ನಡೆಸಬಹುದು ಎಂದು ಡಾಕ್ಟರು ಹೇಳಿದರು. ಆದರೆ ಅಪ್ಪನ ಧೈರ್ಯ ಮಾತ್ರ ಬಚ್ಚಲಮನೆಯ ನೆಲದಲ್ಲೇ ಉಳಿದುಬಿಟ್ಟಿತ್ತು. ಕುರ್ಚಿಯಲ್ಲಿ ಕೂರಿಸಿದರೆ ಕೂತರು. ಏಳಿ ಅಂದರೆ ಕೈಗಳೆರಡನ್ನೂ ಕುರ್ಚಿಯ ತೋಳಿಗೆ ಬಿಗಿದು, ಕಣ್ಣು ಮುಚ್ಚಿ, "ಆಗಲ್ಲ" ಅನ್ನುತ್ತಿದ್ದರು.

ವ್ಯಾಯಾಮ ಹೇಳಿಕೊಡಲು ಮನೆಗೆ ಒಬ್ಬ ಹುಡುಗಿ ಬರತೊಡಗಿದಳು. ಸಣ್ಣ ಆಳು, ದೊಡ್ಡ ದನಿ. ಮೊದಲ ದಿನವೇ ಅಪ್ಪ ಅವಳಿಗೆ 'ಡ್ರಿಲ್ ಮೇಷ್ಟ್ರಮ್ಮ' ಎಂದು ಹೆಸರಿಟ್ಟರು.

"ಇಡೀ ಜೀವನ ಕೂತೇ ಊರು ಸುತ್ತಿದವನು ನಾನು, ಮೇಷ್ಟ್ರಮ್ಮ. ಇನ್ನೂ ನಾಲ್ಕು ದಿನ ಕೂತಿರ್ತೀನಿ ಬಿಡಿ."

"ಆಯ್ತು ಅಂಕಲ್, ಕೂತೇ ಇರಿ. ಏಳೋದು ಬೇಡ. ಕಾಲು ಮಾತ್ರ ಸ್ವಲ್ಪ ಹಿಂದಕ್ಕೆ ಎಳ್ಕೊಳಿ. ಕುರ್ಚಿ ಕೆಳಗೆ. ಹಾಂ. ಈಗ ಮುಂದಕ್ಕೆ ಬಗ್ಗಿ. ಇನ್ನೂ. ಮೂಗು ಮೊಣಕಾಲು ದಾಟಲಿ."

"ಬಿದ್ದುಬಿಡ್ತೀನಮ್ಮ!"

"ಬೀಳ್ತೀನಿ ಅನಿಸಬೇಕು ಅಂಕಲ್. ಹಾಗನಿಸದೇ ಯಾರೂ ಎದ್ದಿಲ್ಲ. ನಾವು ದಿನಾ ಬೀಳೋಕೆ ಹೊರಟು, ಬೀಳದೆ ಎದ್ದುಬಿಡ್ತೀವಿ. ಗೊತ್ತಾಗಲ್ಲ ಅಷ್ಟೇ."

ಅಡುಗೆಮನೆಯ ಬಾಗಿಲಲ್ಲಿ ನೀರಿನ ಲೋಟ ಹಿಡಿದು ಹೊರಟಿದ್ದ ಮಗಳು ಅಲ್ಲೇ ನಿಂತಳು.

ಅಪ್ಪ ಬಗ್ಗಿದರು. ಬಗ್ಗುತ್ತ ಬಗ್ಗುತ್ತ ಭಾರವೆಲ್ಲ ಸೊಂಟದಿಂದ ಪಾದಕ್ಕೆ ಇಳಿದು ಬಂದದ್ದು ಕಣ್ಣಿಗೆ ಕಂಡಿತು. ಕಾಲಿನ ಬೆರಳುಗಳು ನೆಲವನ್ನು ಕಚ್ಚಿ ಹಿಡಿದು ಬೆಳ್ಳಗಾದವು. ಒಂದು ಕ್ಷಣ ಎಲ್ಲ ನಿಂತುಹೋಯಿತು. ಉಸಿರೂ ಇಲ್ಲ. ಅಪ್ಪ ಕೂತಿರಲೂ ಇಲ್ಲ, ಎದ್ದಿರಲೂ ಇಲ್ಲ. ಆಮೇಲೆ ತೊಡೆಗಳು ನಡುಗಿದವು, ಬೆನ್ನು ಮೆಲ್ಲಗೆ ಬಿಚ್ಚಿಕೊಂಡಿತು, ತಲೆ ಎಲ್ಲಕ್ಕಿಂತ ತಡವಾಗಿ ಮೇಲೆ ಬಂತು. ಎಡಗೈ ಕುರ್ಚಿಯನ್ನು ಬಿಟ್ಟಿತು. ಬಲಗೈ ಬಿಡಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಬಿಟ್ಟಿತು.

ಅಪ್ಪ ನಿಂತಿದ್ದರು.

ಲೋಟದ ನೀರು ಚೆಲ್ಲಿ ತನ್ನ ಕಾಲ ಮೇಲೆ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಹುಟ್ಟಿದಾಗಿನಿಂದ ಜನ ಕುರ್ಚಿಯಿಂದ ಏಳುವುದನ್ನು ನೋಡುತ್ತಲೇ ಬಂದಿದ್ದಳು. ನೋಡಿಯೇ ಇರಲಿಲ್ಲ ಎಂದು ಈಗ ಅನಿಸಿತು. ಮೇಲೆ ಹೋಗುವುದಕ್ಕೆ ಮೊದಲು ಮನುಷ್ಯ ಕೆಳಗೆ ಹೋಗುತ್ತಾನೆ. ತನ್ನಷ್ಟೂ ಭಾರವನ್ನು ತನ್ನ ಎರಡು ಪಾದಗಳ ಮೇಲೆ ಸುರಿದು, ನಂಬಿ, ಒಂದು ಗಳಿಗೆ ಕಾಯುತ್ತಾನೆ. ಇಷ್ಟು ದೊಡ್ಡದನ್ನು ಎಲ್ಲರೂ ದಿನಕ್ಕೆ ಎಷ್ಟು ಸಲ ಮಾಡಿ, ಮರೆತು, ಚಪ್ಪಲಿ ಹುಡುಕಿಕೊಂಡು ಹೊರಟುಬಿಡುತ್ತಾರಲ್ಲ!

"ಅಜ್ಜಿಗೆ ಭಾರವೇ ಇಲ್ಲ," ಎಂದಳು ತನಗೆ ತಾನೇ.

"ಯಾವ ಅಜ್ಜಿ?" ಎಂದಳು ಮೇಷ್ಟ್ರಮ್ಮ.

ಅವತ್ತೇ ಮಗಳು ಅಜ್ಜಿಯ ಮೇಲಿನ ಕರವಸ್ತ್ರ ತೆಗೆದಳು. ಅಜ್ಜಿಯ ಕಾಲಿಗೆ ಸೀಸದ ಚೂರು ಕಟ್ಟಿದಳು, ಸೊಂಟದ ತಂತಿ ಬದಲಿಸಿದಳು, ಬೆರಳು ಬಗ್ಗುವ ಹಾಗೆ ಪಾದಗಳನ್ನು ಹೊಸದಾಗಿ ಮಾಡಿದಳು. ಅಪ್ಪ ನಡುಮನೆಯಲ್ಲಿ ಅಭ್ಯಾಸ ಮಾಡುವಾಗ ಇವಳು ಬಾಗಿಲಲ್ಲಿ ನಿಂತು ನೋಡುವಳು. ಅವರು ಸುಸ್ತಾಗಿ ಮಲಗಿದ ಮೇಲೆ ಒಳಗೆ ಹೋಗಿ ಅಜ್ಜಿಯನ್ನು ಅಷ್ಟೇ ಬಗ್ಗಿಸುವಳು. ಗುಟ್ಟು ಬಹಳ ದಿನ ಉಳಿಯಲಿಲ್ಲ. ಅಪ್ಪನಿಗೆ ಅದು ಪೈಪೋಟಿಯಾಯಿತು.

"ನಾನು ಇವತ್ತು ವಾಕರ್ ಹಿಡ್ಕೊಂಡು ಅಡುಗೆಮನೆ ಬಾಗಿಲತನಕ ಹೋದೆ," ಎನ್ನುವರು ಸಂಜೆ. "ಎಲ್ಲಿದಾಳೆ ನಿನ್ನ ಅಜ್ಜಿ?"

"ಇನ್ನೂ ಬಗ್ತಾ ಇದಾಳೆ ಅಪ್ಪಾ."

"ಏನು ವಯಸ್ಸು ಅವಳಿಗೆ? ನನಗಿಂತ ಚಿಕ್ಕವಳಿರಬೇಕು. ಸೋಮಾರಿ."

ಅಜ್ಜಿ ಬಗ್ಗಿದಳು, ನಿಂತಳು, ಒಂದು ಹೆಜ್ಜೆಯನ್ನೂ ಇಟ್ಟಳು. ಒಂದೊಂದು ಚಲನೆಗೂ ಬೆಳಗಿನ ಹೊತ್ತು ಪೂರ್ತಿ ಹೋಗುತ್ತಿತ್ತು. ಎರಡನೆಯ ಹೆಜ್ಜೆಗೆ ಪಾದ ಎತ್ತಿದ್ದಾಗ, ಅವಳು ಉಸಿರು ಬಿಗಿಹಿಡಿದು ಮೇಜಿನ ಮೇಲೆ ಬಾಗಿದ್ದಾಗ, ಹಿಂದೆ ಧಡ್ ಎಂದಿತು. ಮೇಜು ಅಲುಗಿ ಸ್ಟ್ಯಾಂಡು ವಾಲಿತು, ಫೋನು ಬಿತ್ತು, ಅಜ್ಜಿಯ ಪುಟ್ಟ ಕೋಣೆಯ ಗೋಡೆ ಕಳಚಿತು, ಅಜ್ಜಿ ಮಕಾಡೆ ಮಲಗಿದಳು. ಕೋಣೆಯ ಗೋಡೆ, ಕುರ್ಚಿ, ಫೋನು ಇನ್ನೆಂದೂ ಮೊದಲಿದ್ದಲ್ಲಿಗೆ ಸರಿಯಾಗಿ ಬರುವುದಿಲ್ಲ. ಕೂದಲೆಳೆಯಷ್ಟು ತಪ್ಪಿದರೂ ಸಿನಿಮಾದಲ್ಲಿ ಲೋಕವೇ ನೆಗೆದಂತೆ ಕಾಣುತ್ತದೆ. ಅಂದರೆ ತಲೆ ತಿರುಗಿಸುವುದರಿಂದ ಹಿಡಿದು ಎಲ್ಲವೂ ಮತ್ತೆ.

ಕೂಗಲೆಂದೇ ತಿರುಗಿದಳು. ಬಾಗಿಲ ಒಳಗೆ ಅಪ್ಪ ನಿಂತಿದ್ದರು. ವಾಕರಿನ ಕಾಲು ಮೇಜಿನ ಕಾಲಿಗೆ ಸಿಕ್ಕಿಕೊಂಡಿತ್ತು. ಮುಖ ಬಿಳಿಚಿತ್ತು.

"ಅಯ್ಯೋ... ನೋಡೋಣ ಅಂತ ಬಂದೆನಮ್ಮ. ಎಲ್ಲ ಹಾಳುಮಾಡಿಬಿಟ್ಟೆ."

ಅವಳು ವಾಕರಿನ ಕಾಲನ್ನು ಬಿಡಿಸಿದಳು. ಅಪ್ಪನ ಹಿಂದೆ ನೋಡಿದಳು. ನಡುಮನೆ ಖಾಲಿ. ಮೇಷ್ಟ್ರಮ್ಮ ಬರುವ ದಿನವಲ್ಲ, ಅಣ್ಣನೂ ಇಲ್ಲ.

"ಯಾರು ಎಬ್ಬಿಸಿದ್ರು ನಿಮ್ಮನ್ನ?"

ಅಪ್ಪ ತಿರುಗಿ ಖಾಲಿ ನಡುಮನೆಯನ್ನು ನೋಡಿದರು. ಅವರಿಗೂ ಅದು ಆಗಲೇ ಹೊಳೆದಂತೆ ಕಂಡಿತು. "ಯಾರೂ ಇಲ್ಲ," ಎಂದರು. "ಮಂಚದಿಂದ ಎದ್ದೆ. ಬಂದೆ."

"ಒಬ್ಬರೇ?"

"ಒಬ್ಬನೇ."

ಅವಳು ನಗಲು ಹೋಗಿ ಅತ್ತಳು. ಅಪ್ಪ ವಾಕರನ್ನು ಬಿಟ್ಟು ಅವಳ ಭುಜ ಹಿಡಿದುಕೊಂಡರು. ಸಮಾಧಾನ ಮಾಡುವುದಕ್ಕೋ ಆಸರೆಗೋ, ಬಹುಶಃ ಎರಡಕ್ಕೂ.

ಮರುದಿನ ಹೊಸದಾಗಿ ಶುರುಮಾಡಿದಳು. ಹಳೆಯದು ಹೋಯಿತೆಂಬ ಸಂಕಟ ಎರಡು ದಿನ ಇತ್ತು. ಆಮೇಲೆ ಕೈ ತಾನೇ ದಾರಿ ಹಿಡಿಯಿತು. ಎಲ್ಲಿ ಕಾಯಬೇಕು, ಎಲ್ಲಿ ನಡುಗಬೇಕು, ಯಾವ ಕೈ ಮೊದಲು ಬಿಡಬೇಕು ಎಂಬುದು ಅವಳಿಗೆ ತನ್ನ ಮೈಯಲ್ಲೇ ಗೊತ್ತಿತ್ತು. ಅಜ್ಜಿ ಎದ್ದಳು. ನಡೆದಳು. ಕಿಟಕಿಯ ಹತ್ತಿರ ಬಂದಳು. ಚಿಲಕದ ಮೇಲೆ ಕೈಯಿಟ್ಟಳು.

ಅಲ್ಲಿಗೆ ಬಂದದ್ದೇ ತಡ, ಹಳೇ ರೋಗ ಮತ್ತೆ ಹಾಜರ್. ಕೈಗಳು ಸೋತವು. ಲ್ಯಾಬಿನಿಂದ ಬಂದರೆ ಪಾತ್ರೆ ತೊಳೆಯುವುದು, ಬಟ್ಟೆ ಮಡಚುವುದು, ಕೋಣೆಯ ಬಾಗಿಲು ಮಾತ್ರ ತೆಗೆಯಲಾರಳು. ಬಟ್ಟೆಯ ಬೊಂಬೆಗಳು, ಗಾಜಿನ ಮಣಿಯ ಪರದೆ, ಏನೇನೋ ಹೊಸ ಆಸೆಗಳು ಸಾಲುಗಟ್ಟಿ ನಿಂತವು.

ಅಪ್ಪ ಗಮನಿಸಿದರು. ಒಂದು ಬೆಳಗ್ಗೆ ಕಾಫಿ ಕುಡಿಯುತ್ತ ಕೇಳಿದರು: "ಅವಳು ಕಿಟಕಿ ತೆಗೆದ್ರೆ ಆಚೆ ಏನು ಕಾಣುತ್ತೆ?"

"ಅದೇ ಗೊತ್ತಿಲ್ಲ ಅಪ್ಪಾ." ಹೇಳುತ್ತಿದ್ದ ಹಾಗೆ ಅವಳಿಗೇ ಆಶ್ಚರ್ಯವಾಯಿತು. "ಮುಚ್ಚಿದ್ದಾಗ ಏನು ಬೇಕಾದ್ರೂ ಇರಬಹುದು. ತೆಗೆದ್ರೆ ಒಂದೇ ಇರುತ್ತೆ. ಅದು ಚೆನ್ನಾಗಿಲ್ಲದಿದ್ರೆ?"

"ಚೆನ್ನಾಗಿಲ್ಲದಿದ್ರೆ ಚೆನ್ನಾಗಿಲ್ಲ." ಅಪ್ಪ ಲೋಟ ಕೆಳಗಿಟ್ಟರು. "ಆದ್ರೆ ಅವಳು ಪಾಪ ಅಷ್ಟು ಕಷ್ಟಪಟ್ಟು ಎದ್ದು ಬಂದಿದಾಳೆ. ನಿನಗೋಸ್ಕರ ಅಲ್ಲ. ಏನೋ ಕೇಳಿಸ್ತು ಅಂತ ಬಂದಿದಾಳೆ. ತೆಗೆಯೋಕೆ ಬಿಡು ಅವಳನ್ನ."

ಅವಳು ಲ್ಯಾಬಿಗೆ ರಜೆ ಹೇಳಿದಳು. ಬೊಚ್ಚು ಬಾಯಿಯಲ್ಲಿ ಕಾಯುವವರ ಮುಖ ನೆನಪಾಗುತ್ತಿತ್ತಲ್ಲ, ಆ ದಿನ ಅಜ್ಜಿಯ ಮುಖವೂ ಹಾಗೇ ಕಂಡಿತು. ಕಿಟಕಿಯ ಆಚೆ ಏನನ್ನೂ ಇಡಲಿಲ್ಲ. ಒಂದು ದೀಪ ಮಾತ್ರ ಇಟ್ಟಳು. ಕಿಟಕಿಯ ಕದವನ್ನು ಎಳೆಯಷ್ಟು ಎಳೆಯಷ್ಟೇ ತೆರೆದಳು. ಬೆಳಕು ಮೊದಲು ಅಜ್ಜಿಯ ಬೆರಳಿಗೆ ಬಿತ್ತು, ಮೊಣಕೈಗೆ ಏರಿತು, ಗಲ್ಲಕ್ಕೆ, ಗುಳಿಬಿದ್ದ ಕೆನ್ನೆಗೆ. ಮೇಣದೊಳಗೆ ಬೆಳಕು ಇಳಿದು ಕೆನ್ನೆ ನಸುಗೆಂಪಾಯಿತು. ತುಟಿಯ ಅಂಚನ್ನು ಸೂಜಿಯ ಮೊನೆಯಿಂದ ಚೂರೇ ಚೂರು ಮೇಲೆತ್ತಿದಳು. ಕೊನೆಯ ಫೋಟೊ ತೆಗೆದಳು.

ತೆಗೆದ ಮೇಲೆ ಏನು ಮಾಡಬೇಕೋ ತಿಳಿಯಲಿಲ್ಲ. ಮುಂದೆ ಸರಿಸಲು ಏನೂ ಉಳಿದಿರಲಿಲ್ಲ. ಕೈ ಕಟ್ಟಿಕೊಂಡು ಬಹಳ ಹೊತ್ತು ಅಜ್ಜಿಯ ಎದುರಿಗೆ ಕೂತಳು.

ಭಾನುವಾರ ಊಟವಾದ ಮೇಲೆ ಅಣ್ಣ ಟೀವಿಗೆ ಫೋನನ್ನು ಜೋಡಿಸಿದ. "ಎಷ್ಟು ಹೊತ್ತಿನದು? ನಿದ್ದೆ ಬಂದ್ರೆ ಬೈಬೇಡ" ಎಂದು ದಿಂಬು ಎಳೆದುಕೊಂಡ.

ಸಿನಿಮಾ ಒಂದು ನಿಮಿಷವೂ ಇರಲಿಲ್ಲ. ಅಜ್ಜಿ ತಿರುಗಿ ನೋಡಿದಳು. ಕಾಲು ಹಿಂದಕ್ಕೆ ಎಳೆದುಕೊಂಡಳು. ಬಗ್ಗಿದಳು. ಎಲ್ಲ ನಿಂತುಹೋದ ಆ ಗಳಿಗೆಯಲ್ಲಿ ಅಪ್ಪನ ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡವು.

"ಎದ್ಲು!" ಎಂದರು ಅಪ್ಪ, ಮಗು ಮೊದಲ ಸಲ ನಿಂತಾಗ ಹೇಳುವ ದನಿಯಲ್ಲಿ.

ಅಜ್ಜಿ ನಡೆದಳು, ಕಿಟಕಿ ತೆರೆದಳು, ಬೆಳಕು ಬಂತು. ಪರದೆ ಕಪ್ಪಾಯಿತು. ಅವಳು ಅಣ್ಣನ ಕಡೆ ತಿರುಗಿದಳು. ಅವನು ದಿಂಬನ್ನು ಎದೆಗವಚಿ ಹಾಗೇ ಕೂತಿದ್ದ. ಟೀವಿಯಿಂದ ಕಣ್ಣು ಕೀಳದೆ, "ಇನ್ನೊಂದ್ಸಲ ಹಾಕು" ಎಂದ. ಆಮೇಲೆ ಮತ್ತೊಂದು ಸಲ ಕೇಳಿದ. ಅವಳೂ ನೋಡಿದಳು. ತಾನು ಮೊದಲು ಕಣ್ಣು ಮುಚ್ಚಿ ಕಂಡದ್ದು ಇದಲ್ಲ ಎಂಬುದು ನಿಜ. ಕಂಡದ್ದು ಯಾವುದೆಂದೇ ಈಗ ನೆನಪಿಗೆ ಬರಲಿಲ್ಲ. ತನ್ನ ಬೆರಳ ಗುರುತಿರುವ ಆ ಜೀವ ತನ್ನನ್ನು ಒಂದು ಮಾತೂ ಕೇಳದೆ ಎದ್ದು, ನಡೆದು, ತನಗೆ ಬೇಕಾದ್ದನ್ನು ನೋಡಿ ನಗುತ್ತಿತ್ತು.

ಅಪ್ಪನ ಮೂಲಕವೋ ಅಣ್ಣನ ಮೂಲಕವೋ ವಿಷಯ ಊರೆಲ್ಲ ಹಬ್ಬಿ, ಲ್ಯಾಬಿಗೆ ಅಚ್ಚು ಕಳಿಸುವ ಹಲ್ಲಿನ ಡಾಕ್ಟರಮ್ಮನ ಕಿವಿಗೂ ಬಿತ್ತು. ಅವರು ಆ ಸಿನಿಮಾ ಕೇಳಿ ತರಿಸಿಕೊಂಡರು. ಕೆಲವು ವಾರ ಕಳೆದು ಅವಳು ಒಂದು ಸೆಟ್ಟು ತಲುಪಿಸಲು ಅವರ ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಳು. ಕಾಯುವ ಕೋಣೆಯ ಗೋಡೆಯ ಮೇಲಿನ ಟೀವಿಯಲ್ಲಿ ಅಜ್ಜಿ ಇದ್ದಳು.

ಅವಳು ಬಾಗಿಲ ಬಳಿಯೇ ನಿಂತಳು. ಕೆನ್ನೆ ಊದಿಸಿಕೊಂಡ ಗಂಡಸೊಬ್ಬ, ಗಲ್ಲಕ್ಕೆ ಸೆರಗು ಒತ್ತಿ ಹಿಡಿದ ಹೆಂಗಸು, ಫೋನು ಕೈಯಲ್ಲೇ ಮರೆತ ಕಾಲೇಜು ಹುಡುಗಿ. ಒಬ್ಬರಿಗೊಬ್ಬರು ಗುರುತಿಲ್ಲದವರು. ಅಜ್ಜಿ ಕಾಲು ಹಿಂದಕ್ಕೆ ಎಳೆದುಕೊಂಡಳು, ಬಗ್ಗತೊಡಗಿದಳು. ಅವಳ ಜೊತೆಗೇ ಸಾಲಾಗಿ ಕೂತ ಅಷ್ಟೂ ಜನ, ತಮಗೇ ತಿಳಿಯದೆ, ಚೂರು ಚೂರೇ ಮುಂದಕ್ಕೆ ಬಾಗಿದರು. ನೋವಿನ ಗಂಡಸು ಬಾಗಿದ, ಸೆರಗಿನ ಹೆಂಗಸು ಬಾಗಿದಳು. ಎಲ್ಲರ ಪಾದಗಳೂ ನೆಲವನ್ನು ಹಿಡಿದವು.

ಒಳಗಿನಿಂದ ಡಾಕ್ಟರಮ್ಮ "ಮುಂದಿನವರು ಬನ್ನಿ" ಎಂದು ಕರೆದರು. ಅಜ್ಜಿ ಏಳುವ ತನಕ ಯಾರೂ ಅಲುಗಲಿಲ್ಲ.

ಅವಳು ಸೆಟ್ಟನ್ನು ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಹುಡುಗಿಯ ಕೈಗೆ ಕೊಟ್ಟು ಕೆಳಗಿಳಿದಳು. ಬೀದಿಯಾಚೆ ಬಸ್‌ಸ್ಟಾಪಿನ ಬೆಂಚಿನ ಮೇಲೆ ಜನ ಕೂತಿದ್ದರು. ಒಬ್ಬರ ತೊಡೆಯ ಮೇಲೆ ಚೀಲ, ಒಬ್ಬರ ಮಡಿಲಲ್ಲಿ ನಿದ್ದೆಹೋದ ಕೂಸು. ಬಸ್ಸು ಬಂದು ನಿಂತಿತು. ಅವರೆಲ್ಲ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮುಂದಕ್ಕೆ ಬಾಗಿ, ಎದ್ದು ನಿಂತರು.